ಕೋಟೆ ಮೇಲಿನ ಟಿಪ್ಪು, ಲಂಡನ್ನಿನ ನಗು: ಅರ್ಧ ಕತ್ತರಿಸಿದ ಒಂದು ಚಿತ್ರದ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಇವತ್ತು ನಿಮಗೆ ಒಂದು ಮೀಮ್ ಕಥೆ ಹೇಳ್ತೀನಿ. ಆದ್ರೆ ಈ ಮೀಮ್‌ಗೆ ಇನ್ನೂರಮೂವತ್ತು ವರ್ಷ ದಾಟಿದೆ.

ಶುರುವಾಗಿದ್ದು ನಮ್ಮ ಮನೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ನಮ್ಮಮ್ಮನ ತವರು ಮಂಡ್ಯ ಕಡೆ. ಗ್ರೂಪಲ್ಲಿ ಚಿಕ್ಕಮ್ಮ, ದೊಡ್ಡಮ್ಮ, ಮಾವಂದಿರು, ನಾವು ಹುಡುಗರು ಎಲ್ಲ ಇದ್ದೀವಿ. ಒಂದು ದಿನ ಮಾವ ಒಂದು ಹಳೇ ಬಣ್ಣದ ಚಿತ್ರ ಕಳಿಸಿದ್ರು. ಕೋಟೆ ಗೋಡೆ ಮೇಲೆ ಒಬ್ಬ ನಿಂತು ಕೆಳಕ್ಕೆ ಮೂತ್ರ ಹೊಯ್ತಿದ್ದಾನೆ. ಕೆಳಗೆ ಬರೆದಿತ್ತು: 'ಬ್ರಿಟಿಷರು ಟಿಪ್ಪುಗೆ ಎಷ್ಟು ಹೆದರಿದ್ರು ನೋಡಿ, ಅವರೇ ಬರೆದ ಚಿತ್ರ.' ಹತ್ತು ನಿಮಿಷದಲ್ಲಿ ನನ್ನ ಕಸಿನ್ ಅದೇ ಚಿತ್ರವನ್ನ ಇನ್ನೆಲ್ಲಿಂದಲೋ ತಂದು ಹಾಕಿದ. ಅದರ ಕೆಳಗೆ ಉಲ್ಟಾ ಬರಹ: 'ಟಿಪ್ಪು ಎಂಥ ಅಸಭ್ಯ ಅನ್ನೋದಕ್ಕೆ ಸಾಕ್ಷಿ.' ಒಂದೇ ಚಿತ್ರ, ಎರಡು ತೀರ್ಪು. ಆಮೇಲೆ ಏನಾಯ್ತು ಅಂತ ಹೇಳಬೇಕಾಗಿಲ್ಲ, ನಿಮ್ಮ ಮನೆ ಗ್ರೂಪಲ್ಲೂ ಆಗಿರುತ್ತೆ. ಮಾವ ಗ್ರೂಪ್ ಬಿಟ್ರು. ಹಬ್ಬಕ್ಕೂ ಮಾತಿಲ್ಲ.

ನಾನು ಸುಮ್ಮನಿದ್ದೆನಾ? ಇಲ್ಲ. ನಾನೂ ಆ ಚಿತ್ರವನ್ನ ನನ್ನ ಫ್ರೆಂಡ್ಸ್‌ಗೆ ಫಾರ್ವರ್ಡ್ ಮಾಡಿದ್ದೆ, ನಗೋ ಇಮೋಜಿ ಜೊತೆ. ಅದು ಏನು, ಯಾರು ಬರೆದದ್ದು, ಯಾವಾಗಿನದು, ಏನೂ ನೋಡದೆ. ಈ ಸಂಚಿಕೆ ಒಂಥರಾ ನನ್ನ ತಪ್ಪೊಪ್ಪಿಗೆ.

ಆಮೇಲೆ ಹುಡುಕಿದೆ. ಇಡೀ ಚಿತ್ರ ಸಿಕ್ತು. ನಮ್ಮ ಗ್ರೂಪಲ್ಲಿ ಓಡಾಡಿದ್ದು ಅದರ ಒಂದು ತುಂಡು ಮಾತ್ರ. ಮೂಲ ಚಿತ್ರದಲ್ಲಿ ಕೋಟೆಯ ಕೆಳಗೆ ಇನ್ನೊಬ್ಬ ಇದ್ದಾನೆ: ಲಾರ್ಡ್ ಕಾರ್ನ್‌ವಾಲಿಸ್, ಕಂಪನಿ ಸರ್ಕಾರದ ಗವರ್ನರ್ ಜನರಲ್. ಹೆದರಿ, ತನ್ನ ಪಡೆಯ ಜೊತೆ ನೀರು ಕೆಸರಲ್ಲಿ ಪೇರಿ ಕೀಳ್ತಿದ್ದಾನೆ. ಚಿತ್ರದ ಹೆಸರು ಕನ್ನಡದಲ್ಲಿ ಹೇಳೋದಾದ್ರೆ 'ಮುಂಗಾರು ಬಂತು, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು'. ಬರೆದವನು ಜೇಮ್ಸ್ ಗಿಲ್‌ರೇ. ಲಂಡನ್ನಿನಲ್ಲಿ 1791ರ ಡಿಸೆಂಬರ್‌ನಲ್ಲಿ ಅಚ್ಚಾಗಿದ್ದು. ಜೋಕ್ ಅರ್ಥ ಆಯ್ತಾ? ಮುಂಗಾರು ಮಳೆ ಬಂದು ನಾವು ವಾಪಸ್ ಬರಬೇಕಾಯ್ತು ಅನ್ನೋದು ಸೇನೆಯ ಸಮಜಾಯಿಷಿ. ಆ 'ಮಳೆ' ಎಲ್ಲಿಂದ ಬಂತು ಅಂತ ಗಿಲ್‌ರೇ ತೋರಿಸ್ತಿದ್ದಾನೆ.

ಅಂದ್ರೆ ಏಟು ಬೀಳ್ತಿರೋದು ಕಾರ್ನ್‌ವಾಲಿಸ್‌ಗೆ. ಅವನನ್ನ ಕತ್ತರಿಸಿ ತೆಗೆದರೆ ಉಳಿಯೋದು ಟಿಪ್ಪು ಮಾತ್ರ. ಆಮೇಲೆ ಯಾರು ಏನು ಬೇಕಾದ್ರೂ ಕೆಳಗೆ ಬರೆಯಬಹುದು.

ಆ ಮೇ ತಿಂಗಳು ನಡೆದದ್ದೇನು?

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೊರಟ. ಮೇ 15ಕ್ಕೆ ಅರಕೆರೆ ಹತ್ತಿರ ಯುದ್ಧ ಆಯ್ತು, ಗೆದ್ದ. ಕೋಟೆ ಕಣ್ಣಿಗೆ ಕಾಣ್ತಿದೆ. ಆದ್ರೆ ಊಟ ಇಲ್ಲ. ಶತ್ರುವಿಗೆ ಒಂದು ಹಿಡಿ ಮೇವೂ ಸಿಗಬಾರದು ಅಂತ ಟಿಪ್ಪುವಿನ ಪಡೆ ದಾರಿಯುದ್ದಕ್ಕೂ ಎಲ್ಲ ಬರಿದು ಮಾಡಿತ್ತು. ಫಿರಂಗಿ ಎಳೆಯೋ ಎತ್ತುಗಳು ಸಾವಿರಗಟ್ಟಲೆ ಸತ್ತವು. ಮೇಲಿಂದ ಮಳೆ. ಕೊನೆಗೆ ಕನ್ನಂಬಾಡಿ ಹತ್ತಿರ, ಅಂದ್ರೆ ಇವತ್ತು ಕೆಆರ್‌ಎಸ್ ಅಣೆಕಟ್ಟು ಇರೋ ಜಾಗದ ಆಸುಪಾಸಲ್ಲಿ, ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಹಾಳು ಮಾಡಿ ಬೆಂಗಳೂರಿನ ಕಡೆ ತಿರುಗಿದ. ಎಳೆಯೋಕೆ ಎತ್ತಿಲ್ಲ, ಬಿಟ್ಟು ಹೋದ್ರೆ ಟಿಪ್ಪು ಪಾಲಾಗುತ್ತೆ, ಇನ್ನೇನು ಮಾಡ್ತಾನೆ?

ಆಗ ಸುದ್ದಿ ಹಡಗಿನಲ್ಲಿ ಹೋಗ್ಬೇಕು, ಆಫ್ರಿಕಾ ಸುತ್ತಿ. ಐದಾರು ತಿಂಗಳು. ಹಾಗಾಗಿ ಮೇ ತಿಂಗಳ ಸೋಲಿಗೆ ಲಂಡನ್ ನಕ್ಕಿದ್ದು ಚಳಿಗಾಲದಲ್ಲಿ.

ಯಾಕೆ ಅಷ್ಟು ನಕ್ಕರು? ಅದಕ್ಕೊಂದು ಹಳೇ ಲೆಕ್ಕ ಇದೆ. ಇದೇ ಕಾರ್ನ್‌ವಾಲಿಸ್ ಹತ್ತು ವರ್ಷದ ಹಿಂದೆ, 1781ರ ಅಕ್ಟೋಬರ್‌ನಲ್ಲಿ, ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಇಡೀ ಸೈನ್ಯದ ಜೊತೆ ಶರಣಾಗಿದ್ದ. ಅಮೆರಿಕ ಕೈತಪ್ಪಿದ್ದು ಅಲ್ಲೇ. 'ಅಲ್ಲೂ ಸೋತೆ, ಇಲ್ಲೂ ಓಡಿ ಬಂದ್ಯಾ' ಅನ್ನೋ ಚುಚ್ಚು ಲಂಡನ್ನಿನವರಿಗೆ ಸಲೀಸಾಗಿ ಅರ್ಥ ಆಗ್ತಿತ್ತು.

ತಮ್ಮ ರಾಜನನ್ನೇ ಕುದುರೆಯಿಂದ ಬೀಳಿಸಿದವರು

ಇಲ್ಲಿ ಅಮೆರಿಕದ ವಿಷಯಕ್ಕೆ ಸ್ವಲ್ಪ ಹೋಗೋಣ. ಯಾಕಂದ್ರೆ ಈ ಚಿತ್ರಗಳ ಧೈರ್ಯ ಗೊತ್ತಾಗೋದು ಅಲ್ಲೇ.

1779ರಲ್ಲಿ ಲಂಡನ್ನಿನಲ್ಲಿ ಒಂದು ಚಿತ್ರ ಬಂತು. ಅಮೆರಿಕ ಅನ್ನೋ ಕುದುರೆ ತನ್ನ ಸವಾರನನ್ನ ಕೊಡವಿ ಎಸೀತಿದೆ. ಸವಾರ ಯಾರು? ಸಾಕ್ಷಾತ್ ಮೂರನೇ ಜಾರ್ಜ್ ರಾಜ. ಅವನ ಕೈಯಲ್ಲಿರೋ ಚಾವಟಿಯ ತುದಿಗೆ ಕತ್ತಿ, ಕೊಡಲಿ. ಯುದ್ಧ ಇನ್ನೂ ನಡೀತಿದೆ! ನಮ್ಮ ಕಡೆ ಯುದ್ಧ ನಡೆಯೋವಾಗ ಯಾರಾದ್ರೂ ಹಿಂಗೆ ಬರೆದಿದ್ರೆ ಏನಾಗ್ತಿತ್ತು ಅಂತ ಒಂದು ಕ್ಷಣ ಯೋಚನೆ ಮಾಡಿ.

ಅದಕ್ಕೂ ಮುಂಚೆ, 1774ರದ್ದು ಇನ್ನೊಂದು. ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನ ಸಮುದ್ರಕ್ಕೆ ಸುರಿದದ್ದು ಶಾಲೆಯಲ್ಲಿ ಓದಿರ್ತೀರಿ. ಆಮೇಲೆ ಸರ್ಕಾರ ಬಾಸ್ಟನ್ ಬಂದರನ್ನೇ ಮುಚ್ಚಿಸ್ತು. ಲಂಡನ್ನಿನ ಒಂದು ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಅಮೆರಿಕ ಒಬ್ಬ ಹೆಂಗಸು. ಅವಳನ್ನ ನೆಲಕ್ಕೆ ಒತ್ತಿ ಹಿಡಿದಿದ್ದಾರೆ. ಪ್ರಧಾನಿ ಲಾರ್ಡ್ ನಾರ್ತ್ ಬಾಯಿಗೆ ಚಹಾ ಸುರೀತಿದ್ದಾನೆ. ಅವಳು ಅದನ್ನ ಅವನ ಮುಖಕ್ಕೇ ಉಗೀತಿದ್ದಾಳೆ. ಬ್ರಿಟಾನಿಯಾ, ಅಂದ್ರೆ ಅವರ ದೇಶಮಾತೆ, ನೋಡಲಾರದೆ ಮುಖ ತಿರುಗಿಸಿಕೊಂಡಿದ್ದಾಳೆ. ಇದು ಎಷ್ಟು ನಾಟಿತು ಅಂದ್ರೆ, ಬಾಸ್ಟನ್ನಿನ ಪಾಲ್ ರಿವಿಯರ್ ಕೆಲವೇ ವಾರಗಳಲ್ಲಿ ಅದನ್ನ ನಕಲು ಮಾಡಿ ಅಲ್ಲಿನ ಪತ್ರಿಕೆಗೆ ಅಚ್ಚು ಹಾಕಿದ. ಲಂಡನ್ನಿನ ವಿರೋಧಿಗಳ ಜೋಕು ಕ್ರಾಂತಿಕಾರರ ಆಯುಧ ಆಯ್ತು. ಫಾರ್ವರ್ಡ್ ಹೊಸದೇನಲ್ಲ ನೋಡಿ.

ಆದ್ರೆ ಆ ಹೆಂಗಸನ್ನ ಹೇಗೆ ಬರೆದಿದ್ದಾರೆ ಗೊತ್ತಾ? ಅಲ್ಲಿನ ಮೂಲನಿವಾಸಿ ಹೆಂಗಸಿನ ಥರ, ಅರೆಬೆತ್ತಲೆ. ಜಗಳ ಇರೋದು ಬ್ರಿಟನ್ನಿನ ಬಿಳಿಯರಿಗೂ ಅಮೆರಿಕದ ಬಿಳಿಯರಿಗೂ. ಮಧ್ಯೆ ಯಾರ ನೆಲ ಹೋಯ್ತೋ ಅವರ ಮೈ ಮಾತ್ರ ಚಿತ್ರಕ್ಕೆ ಬೇಕಾಯ್ತು. ಇದನ್ನ ನೆನಪಿಟ್ಕೊಳ್ಳಿ.

ಅಂಗಡಿಯ ಗಾಜಿನ ಮುಂದೆ ಗುಂಪು

ಈ ಚಿತ್ರಗಳು ಜನರಿಗೆ ಸಿಗ್ತಿದ್ದದ್ದು ಹೇಗೆ? ತಾಮ್ರದ ತಗಡಿಗೆ ಮೇಣ ಬಳೀತಾರೆ. ಸೂಜಿಯಿಂದ ಗೀಚ್ತಾರೆ, ಅಕ್ಷರ ಎಲ್ಲ ಉಲ್ಟಾ. ಆಮೇಲೆ ಆಸಿಡ್. ಮೇಣ ಹೋದ ಕಡೆ ಆಸಿಡ್ ತಾಮ್ರವನ್ನ ತಿನ್ನುತ್ತೆ. ಆ ಗೆರೆಗೆ ಶಾಯಿ ತುಂಬಿ ಕಾಗದಕ್ಕೆ ಒತ್ತೋದು. ಬಣ್ಣ ಕೈಯಿಂದಲೇ, ಒಂದೊಂದಕ್ಕೂ. ಬಣ್ಣ ಇಲ್ಲದ್ದಕ್ಕೆ ಒಂದು ಶಿಲ್ಲಿಂಗ್, ಬಣ್ಣ ಇದ್ದದ್ದಕ್ಕೆ ಸುಮಾರು ಎರಡು. ಕೂಲಿಯವನಿಗೆ ಅದು ದಿನದ ಸಂಪಾದನೆಯ ದೊಡ್ಡ ಪಾಲು. ಹಾಗಾಗಿ ಕೊಳ್ಳೋರು ಅನುಕೂಲಸ್ಥರೇ. ಆದ್ರೆ ನೋಡೋಕೆ ದುಡ್ಡು ಬೇಕಿಲ್ಲ! ಅಂಗಡಿಯವರು ಹೊಸ ಚಿತ್ರಗಳನ್ನ ಕಿಟಕಿಯ ಗಾಜಿಗೆ ಅಂಟಿಸ್ತಿದ್ರು, ಬೀದಿಯಲ್ಲಿ ಗುಂಪು ಸೇರ್ತಿತ್ತು. ಕೆಲವು ಅಂಗಡಿಯವರು ಚಿತ್ರಗಳ ಕಟ್ಟನ್ನ ಒಂದು ಸಂಜೆಗೆ ಬಾಡಿಗೆಗೂ ಕೊಡ್ತಿದ್ರು. ಮನೆಗೆ ನೆಂಟರು ಬಂದಾಗ ಕೂತು ನೋಡೋಕೆ.

ಗಿಲ್‌ರೇ ಚಿತ್ರಗಳನ್ನ ಮಾರ್ತಿದ್ದವಳು ಹ್ಯಾನಾ ಹಂಫ್ರಿ ಅನ್ನೋ ಹೆಂಗಸು. ಅವನು ವಾಸ ಇದ್ದದ್ದೂ ಅವಳ ಅಂಗಡಿಯ ಮೇಲಿನ ಮನೆಯಲ್ಲೇ.

ನನಗೆ ಬಹಳ ಇಷ್ಟ ಆಗಿದ್ದು ಒಂದು ಕಾನೂನು. 1735ರಲ್ಲಿ ಹೋಗಾರ್ತ್ ಅನ್ನೋ ಕಲಾವಿದ ಮತ್ತು ಅವನ ಗೆಳೆಯರು ಓಡಾಡಿ ತಂದದ್ದು. ಅಚ್ಚುಚಿತ್ರಕ್ಕೆ ಹದಿನಾಲ್ಕು ವರ್ಷ ಹಕ್ಕು ಸಿಗಬೇಕಾದ್ರೆ ತಗಡಿನ ಮೇಲೇ ಹಕ್ಕುದಾರನ ಹೆಸರು, ಪ್ರಕಟವಾದ ದಿನಾಂಕ ಕೆತ್ತಿರಬೇಕು. ಅದಕ್ಕೇ ಈ ಚಿತ್ರಗಳ ಅಂಚಲ್ಲಿ ಸಣ್ಣ ಅಕ್ಷರದಲ್ಲಿ ತಾರೀಖು, ಅಂಗಡಿ ವಿಳಾಸ ಎಲ್ಲ ಸಿಗುತ್ತೆ. ನಮ್ಮ ಗ್ರೂಪಲ್ಲಿ ಓಡಾಡಿದ ತುಂಡಿನಲ್ಲಿ ಮೊದಲು ಹೋಗಿದ್ದೇ ಆ ಅಂಚು.

ನಗುವಿಗೆ ಬೆಲೆ ಕಟ್ಟಿದವರು

ಇಷ್ಟು ಕೇಳಿದ ಮೇಲೆ 'ಎಂಥ ಸ್ವಾತಂತ್ರ್ಯ ಅಲ್ವಾ' ಅನ್ಸುತ್ತೆ. ನನಗೂ ಅನ್ಸಿತ್ತು. ಇರಿ, ಇನ್ನೊಂದು ಮುಖ ಇದೆ.

1783. ಈಸ್ಟ್ ಇಂಡಿಯಾ ಕಂಪನಿಯ ಹಿಡಿತವನ್ನ ಡೈರೆಕ್ಟರುಗಳ ಕೈಯಿಂದ ಕಿತ್ತು ಏಳು ಜನ ಕಮಿಷನರುಗಳಿಗೆ ಕೊಡಬೇಕು ಅಂತ ಚಾರ್ಲ್ಸ್ ಫಾಕ್ಸ್ ಒಂದು ಮಸೂದೆ ತಂದ. ಆ ಕಮಿಷನರುಗಳನ್ನ ನೇಮಿಸೋದು ಅವನ ಕಡೆಯವರೇ. ಡಿಸೆಂಬರ್ 5ಕ್ಕೆ ಜೇಮ್ಸ್ ಸೇಯರ್ಸ್ ಅನ್ನೋನು ಒಂದು ಚಿತ್ರ ಬಿಟ್ಟ. ಫಾಕ್ಸ್ ಪೂರ್ವದೇಶದ ಸುಲ್ತಾನನ ವೇಷದಲ್ಲಿ ಆನೆ ಮೇಲೆ ಕಂಪನಿ ಕಚೇರಿಗೆ ಮೆರವಣಿಗೆ ಹೊರಟಿದ್ದಾನೆ. ಹೆಸರು 'ಕಾರ್ಲೋ ಖಾನ್'. ಆನೆಗೆ ಲಾರ್ಡ್ ನಾರ್ತ್‌ನ ಮುಖ. ಮುಂದೆ ತುತ್ತೂರಿ ಊದ್ತಿರೋದು ಎಡ್ಮಂಡ್ ಬರ್ಕ್. ಎರಡು ವಾರದೊಳಗೆ ಮೇಲ್ಮನೆಯಲ್ಲಿ ಮಸೂದೆ ಬಿತ್ತು, ಸರ್ಕಾರವೂ ಹೋಯ್ತು. ಬೀಳಿಸಿದ್ದು ಚಿತ್ರ ಒಂದೇ ಅಲ್ಲ, ರಾಜನೇ ಒಳಗಿಂದ ಲಾರ್ಡುಗಳಿಗೆ ಎಚ್ಚರಿಕೆ ಕೊಟ್ಟಿದ್ದ. ಆದ್ರೂ ಪಾರ್ಲಿಮೆಂಟಿನ ಚರ್ಚೆಗಿಂತ ಸೇಯರ್ಸ್ ಚಿತ್ರಗಳೇ ನನಗೆ ಹೆಚ್ಚು ಹಾನಿ ಮಾಡಿದ್ವು ಅಂತ ಫಾಕ್ಸ್ ಹೇಳಿದನಂತೆ. ಮುಂದೆ ಅಧಿಕಾರಕ್ಕೆ ಬಂದ ಪಿಟ್, ಸೇಯರ್ಸ್‌ಗೆ ಒಂದು ಸರ್ಕಾರಿ ಹುದ್ದೆ ಕೊಟ್ಟ. ಜೋಕಿನ ಬಿಲ್ ಪಾವತಿ ಆಯ್ತು!

ಇನ್ನು ನಮ್ಮ ಗಿಲ್‌ರೇ. 1789ರ ಜುಲೈನಲ್ಲಿ ಪ್ಯಾರಿಸ್ಸಿನ ಬಾಸ್ಟೀಲ್ ಸೆರೆಮನೆ ಬಿದ್ದಾಗ ಅವನು ಬರೆದದ್ದು ಏನು ಗೊತ್ತಾ? ಫ್ರಾನ್ಸಿಗೆ ಸ್ವಾತಂತ್ರ್ಯ, ಬ್ರಿಟನ್ನಿಗೆ ಗುಲಾಮಗಿರಿ ಅಂತ. ಕ್ರಾಂತಿಗೆ ಚಪ್ಪಾಳೆ. ಮೂರು ವರ್ಷ ಕಳೀತು. 1792ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಜೈಲುಗಳಲ್ಲಿ ಕಗ್ಗೊಲೆ ಆಯ್ತು. ಅದೇ ತಿಂಗಳು ಗಿಲ್‌ರೇ ಬರೆದ: ಒಂದು ಕ್ರಾಂತಿಕಾರಿ ಕುಟುಂಬ, ಮಕ್ಕಳೂ ಸೇರಿ, ಮನುಷ್ಯರ ಮಾಂಸ ತಿಂತಾ ರಾತ್ರಿ ಊಟಕ್ಕೆ ಕೂತಿದೆ. ಕೊಲೆ ನಡೆದದ್ದು ನಿಜ, ಸಿಟ್ಟು ಬಂದದ್ದೂ ನಿಜ. ಆದ್ರೆ ಚಿತ್ರದಲ್ಲಿ ಕೊಂದವರು ಯಾರು, ಹಸಿದ ಬಡವರು ಯಾರು ಅನ್ನೋ ವ್ಯತ್ಯಾಸ ಇಲ್ಲ. ಎಲ್ಲರೂ ರಾಕ್ಷಸರೇ. ಹಕ್ಕು ಕೇಳ್ತಿದ್ದ ಬ್ರಿಟನ್ನಿನ ಸಾಮಾನ್ಯರ ಬಾಯಿ ಮುಚ್ಚಿಸೋಕೆ ಇಂಥ ಚಿತ್ರಗಳು ಚೆನ್ನಾಗಿ ಕೆಲಸಕ್ಕೆ ಬಂದ್ವು. 'ಕೇಳ್ತೀಯಾ ಹಕ್ಕು? ಅಲ್ಲಿ ನೋಡು!'

ಜಾರ್ಜ್ ಕ್ಯಾನಿಂಗ್ ಅನ್ನೋ ಯುವ ರಾಜಕಾರಣಿಗೆ ಒಂದೇ ಆಸೆ, ಗಿಲ್‌ರೇ ತನ್ನ ಚಿತ್ರ ಬರೀಬೇಕು ಅಂತ. ವಶೀಲಿ ಎಲ್ಲ ಮಾಡಿಸಿದ. ಕೊನೆಗೆ 1796ರಲ್ಲಿ ಸಿಕ್ತು ಜಾಗ: ಫ್ರೆಂಚರು ಲಂಡನ್ನಿಗೆ ನುಗ್ಗಿದ್ರೆ ಏನಾಗುತ್ತೆ ಅನ್ನೋ ಚಿತ್ರದಲ್ಲಿ ದೀಪದ ಕಂಬಕ್ಕೆ ನೇತು ಹಾಕಿದ ಹೆಣವಾಗಿ! ಅದಾದ ಮೇಲೆ, 1797ರಿಂದ, ಗಿಲ್‌ರೇಗೆ ಸರ್ಕಾರದಿಂದ ವರ್ಷಕ್ಕೆ 200 ಪೌಂಡ್ ಗುಟ್ಟಾಗಿ ಬರೋಕೆ ಶುರುವಾಯ್ತು. ಅವನ ಕೈಚಳಕ ಏನೂ ಕಡಿಮೆ ಆಗಲಿಲ್ಲ. ಏಟು ಬೀಳೋ ದಿಕ್ಕು ಮಾತ್ರ ಬದಲಾಯ್ತು.

ಅವನನ್ನ ಬರೀ ಮಾರಿಕೊಂಡವನು ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಯಾಕಂದ್ರೆ ಕಾರ್ನ್‌ವಾಲಿಸ್ ಚಿತ್ರ ಬರೆದ ಅದೇ ವರ್ಷ, 1791ರ ಏಪ್ರಿಲ್‌ನಲ್ಲಿ, ಅವನು ಇನ್ನೊಂದು ಬರೆದಿದ್ದ. ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟ. ಕಾಯಿಲೆ ಬಂದು ಕೆಲಸ ಮಾಡಲಾಗದ ಒಬ್ಬ ಗುಲಾಮನನ್ನ ಮೇಸ್ತ್ರಿ ಕುದಿಯೋ ಕಬ್ಬಿನ ಹಾಲಿನ ಕೊಪ್ಪರಿಗೆಗೆ ಅದ್ದಿದ್ದಾನೆ. ಮೇಲೆ ತೇಲ್ತಿರೋದು ಕೈಕಾಲು ಮಾತ್ರ. ಇದು ಕಟ್ಟುಕಥೆಯಲ್ಲ, ಗುಲಾಮ ವ್ಯಾಪಾರ ನಿಲ್ಲಿಸೋ ಚರ್ಚೆಯಲ್ಲಿ ಪಾರ್ಲಿಮೆಂಟಿನಲ್ಲೇ ಹೇಳಿದ್ದ ಪ್ರಸಂಗ. ಆ ಮಸೂದೆಯ ಪರ 88 ಮತ, ವಿರುದ್ಧ 163. ಬಿತ್ತು. ಮಂಡ್ಯದ ಆಲೆಮನೆಯಲ್ಲಿ ಕುದಿಯೋ ಕೊಪ್ಪರಿಗೆ ನೋಡಿ ಬೆಳೆದವಳು ನಾನು. ಆ ಚಿತ್ರ ನೋಡಿದ ದಿನ ಕಾಫಿಗೆ ಸಕ್ಕರೆ ಹಾಕೋಕೆ ಆಗಲಿಲ್ಲ. ಬ್ರಿಟನ್ನಿನಲ್ಲೂ ಆಗ ಬಹಳ ಮನೆಗಳಲ್ಲಿ ಸಕ್ಕರೆ ಬಿಟ್ಟರು, ಗುಲಾಮರ ಬೆವರಿನದು ಅಂತ. ಮುಂದಿನ ವರ್ಷ ಗಿಲ್‌ರೇ ಅದನ್ನೂ ಬಿಡಲಿಲ್ಲ: ರಾಜ, ರಾಣಿ ಸಕ್ಕರೆ ಇಲ್ಲದ ಚಹಾ ಕುಡೀತಾ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳ್ತಿದ್ದಾರೆ. ರಾಣಿಯ ಕಣ್ಣು ಇರೋದು ಗುಲಾಮರ ಮೇಲಲ್ಲ, ಉಳಿಯೋ ದುಡ್ಡಿನ ಮೇಲೆ. ಹುಡುಗಿಯರ ಮುಖ ನೋಡ್ಬೇಕು ನೀವು!

ಆಮೇಲೆ ನಗು ನಿಂತಿತು

ಮತ್ತೆ ಶ್ರೀರಂಗಪಟ್ಟಣಕ್ಕೆ ಬರೋಣ. ಕಾರ್ನ್‌ವಾಲಿಸ್ 1792ರ ಫೆಬ್ರವರಿಯಲ್ಲಿ ಮತ್ತೆ ಬಂದ, ಮರಾಠರು, ನಿಜಾಮರ ಜೊತೆ. ಈ ಸಲ ಗೆದ್ದ. ಟಿಪ್ಪು ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡೋಕೆ ಒಪ್ಪಬೇಕಾಯ್ತು. ಒತ್ತೆಯಾಗಿ ತನ್ನ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ.

ಗೆದ್ದ ಮೇಲೆ ಲಂಡನ್ನಿನಲ್ಲಿ ಮೆರೆದ ಚಿತ್ರ ಯಾವುದು? ಕಾರ್ನ್‌ವಾಲಿಸ್ ಆ ಮಕ್ಕಳ ಕೈ ಹಿಡಿದು ತಂದೆಯ ಥರ ಬರಮಾಡಿಕೊಳ್ಳೋ ಚಿತ್ರ. ಒಬ್ಬರಲ್ಲ, ಹಲವರು ದೊಡ್ಡ ದೊಡ್ಡ ತೈಲಚಿತ್ರ ಬರೆದರು, ಅವುಗಳ ಅಚ್ಚುಪ್ರತಿಗಳು ಮನೆಮನೆಗೆ ಹೋದ್ವು. ಕೆಸರಲ್ಲಿ ಓಡಿದ್ದವನು ಈಗ ಕರುಣಾಮಯಿ. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ರೋಲಂಡ್‌ಸನ್ ಅನ್ನೋ ಇನ್ನೊಬ್ಬ ದೊಡ್ಡ ವ್ಯಂಗ್ಯಚಿತ್ರಕಾರ, ಬ್ರಿಟಿಷ್ ಸೈನಿಕರು ಅರಮನೆಯ ಹೆಂಗಸರ ಮೇಲೆ ಬೀಳೋದನ್ನೇ ತಮಾಷೆಯಾಗಿ ಬರೆದ. ಆ ಹೆಂಗಸರು ನಗಲಿಲ್ಲ ಅನ್ನೋದಕ್ಕೆ ದಾಖಲೆ ಬೇಕಾ?

ಇಲ್ಲೇ ನನಗೆ ಅನ್ನಿಸಿದ್ದು. ಗಿಲ್‌ರೇ ಭಾರತಕ್ಕೆ ಬಂದವನಲ್ಲ, ಟಿಪ್ಪುವನ್ನ ಕಂಡವನಲ್ಲ. ಅವನ ಟಿಪ್ಪು ಒಂದು ಕೋಲು, ತನ್ನ ಸರ್ಕಾರದ ಬೆನ್ನಿಗೆ ಬಾರಿಸೋಕೆ. ಹಾಗಾಗಿ ಆ ಚಿತ್ರ ಟಿಪ್ಪು ಶೂರ ಅನ್ನೋದಕ್ಕೂ ಸಾಕ್ಷಿ ಅಲ್ಲ, ಅಸಭ್ಯ ಅನ್ನೋದಕ್ಕೂ ಅಲ್ಲ. ಲಂಡನ್ನಿನವರು ತಮ್ಮ ದೊರೆಗಳನ್ನ ನೋಡಿ ನಗಬಲ್ಲವರಾಗಿದ್ರು ಅನ್ನೋದಕ್ಕೆ ಸಾಕ್ಷಿ, ಅಷ್ಟೆ. ಅದು ಸಣ್ಣ ವಿಷಯ ಅಲ್ಲ. ಆದ್ರೆ ಆ ನಗುವಿನಲ್ಲಿ ನಮ್ಮವರಿಗೆ ಜಾಗ ಇರಲಿಲ್ಲ. ಅರಕೆರೆಯಲ್ಲಿ ಮೇವು ಸುಟ್ಟುಹೋದ ರೈತ, ಎತ್ತು ಕಳ್ಕೊಂಡವನು, ಎರಡೂ ಸೈನ್ಯಕ್ಕೆ ಹೆದರಿ ಮಗು ಎತ್ಕೊಂಡು ಓಡಿದವಳು, ಯಾರೂ ಆ ಚಿತ್ರದಲ್ಲಿಲ್ಲ. ಗಾಜಿನ ಮುಂದೆ ನಕ್ಕ ಗುಂಪಿನಲ್ಲೂ ಇಲ್ಲ. ಅವರೇ ತಾನೆ ನಮ್ಮ ಪೂರ್ವಜರು? ನಾವು ಜಗಳ ಆಡಿದ್ದು ಸುಲ್ತಾನನ ಬಗ್ಗೆ.

ಕೊನೆಗೆ ಮಾವನ ಮನೆಗೆ ಹೋದೆ. ಫೋನಲ್ಲಿ ಇಡೀ ಚಿತ್ರ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ್ರು. 'ಇವ್ನು ಯಾರವ್ವ, ಕೆಳಗ್ ಓಡ್ತಾವ್ನಲ್ಲ?' ಅಂದ್ರು. ಹೇಳಿದೆ. 'ಹಂಗಾದ್ರೆ ಇದು ಅವರವರ ಜಗಳ ಕಣವ್ವ' ಅಂದ್ರು. ಆಮೇಲೆ ನಕ್ಕರು. ಕಸಿನ್‌ಗೆ ಫೋನ್ ಹಚ್ಚು ಅಂದ್ರು. ಅವನ ಜೊತೆ ಮಾತು ಟಿಪ್ಪು ಬಗ್ಗೆ ಆಗಲಿಲ್ಲ, ಅವನ ಬೈಕ್ ಸಾಲದ ಬಗ್ಗೆ ಆಯ್ತು. ಟಿಪ್ಪು ಬಗ್ಗೆ ಅವರಿಬ್ಬರ ಅಭಿಪ್ರಾಯ ಏನೂ ಬದಲಾಗಿಲ್ಲ, ಬದಲಾಗಬೇಕು ಅಂತಲೂ ನಾನು ಹೋಗಿರಲಿಲ್ಲ.

ನಾನು ಮಾತ್ರ ಒಂದು ಅಭ್ಯಾಸ ಮಾಡ್ಕೊಂಡಿದ್ದೀನಿ. ನಗು ತರಿಸೋ ಚಿತ್ರ ಬಂದ್ರೆ ಫಾರ್ವರ್ಡ್ ಮಾಡೋ ಮುಂಚೆ ಅಂಚು ನೋಡ್ತೀನಿ. ಯಾರು ಮಾಡಿದ್ದು, ಯಾವಾಗಿನದು, ಏಟು ನಿಜಕ್ಕೂ ಯಾರಿಗೆ, ದುಡ್ಡು ಯಾರದ್ದು, ಏನನ್ನ ಕತ್ತರಿಸಿದ್ದಾರೆ. ಅಂಚೇ ಇಲ್ಲ ಅಂದ್ರೆ, ಅದು ನನ್ನ ಫೋನಲ್ಲೇ ನಿಲ್ಲುತ್ತೆ.

ನಿಮ್ಮ ಮನೆ ಗ್ರೂಪಲ್ಲೂ ಇಂಥ ತುಂಡು ಚಿತ್ರ ಓಡಾಡ್ತಿದ್ರೆ ನಮಗೆ ಬರೆದು ಕಳಿಸಿ, ಅದರ ಉಳಿದರ್ಧ ಹುಡುಕೋಣ. ಮುಂದಿನ ವಾರ ಸಿಗ್ತೀನಿ. ಅಲ್ಲಿಯವರೆಗೆ, ಮುನಿಸಿಕೊಂಡಿರೋ ಮಾವನಿಗೆ ಒಂದು ಫೋನ್ ಮಾಡಿ.